ಗೋವಾದ ಬಾರುಗಳಲ್ಲಿ ಕಾಕ್‌ಟೇಲ್ ಹೋಲಿಸಿ ನೋಡುವವರಿಗೆ ಕಿವಿಮಾತು

ರಜೆಗೆ ಪಾಲೊಲೆಮ್ ಕಡೆ ಹೊರಟಿದ್ದೀರಂತೆ. ಸಂಜೆಗೊಂದು ಬಾರು ಹೊಕ್ಕು, ಎಲ್ಲಿಯ ಕಾಕ್‌ಟೇಲ್ ಚೆನ್ನಾಗಿದೆ ಎಂದು ಹೋಲಿಸಿ ನೋಡುವ ಆಸೆಯಂತೆ. ಬೇಡ ಎನ್ನುವವನು ನಾನಲ್ಲ, ಅರ್ಧ ಆಯುಷ್ಯ ಹೋಟೆಲಿನ ಬಾರ್ ಕೌಂಟರಿನ ಹಿಂದೆ ನಿಂತೇ ಕಳೆದವನು. ಆದರೆ ನಾಲಿಗೆ ಚುರುಕಾಗಿರುವಷ್ಟು ಹೊತ್ತು ಮಾತ್ರ ಹೋಲಿಕೆಗೆ ಬೆಲೆ. ಮೂರನೆಯ ಗ್ಲಾಸಿನ ಮೇಲೆ ಎಲ್ಲ ಬಾರೂ ಒಳ್ಳೆಯದೇ ಅನ್ನಿಸುತ್ತದೆ. ಕುಡಿಯದವರನ್ನು ಯಾರೂ ಒತ್ತಾಯಿಸಬೇಡಿ. 21 ತುಂಬದವರು ಗ್ಲಾಸು ಮುಟ್ಟುವಂತಿಲ್ಲ, ಗೋವಾದ ಕಾನೂನು ಹೇಳುವುದೂ ಅದನ್ನೇ.

• ಎಲ್ಲ ಬಾರಿನಲ್ಲೂ ಒಂದೇ ಪೇಯ ಹೇಳಿ. ಇಲ್ಲೊಂದು ಮೊಹಿಟೊ, ಅಲ್ಲೊಂದು ಮಾಯ್ ಟಾಯ್ ಎಂದು ಹೇಳುತ್ತ ಹೋದರೆ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡುತ್ತೀರಿ? ಬಾರಿನವನ ಕೈಗುಣ ತಿಳಿಯಬೇಕಾದರೆ ಡೈಕಿರಿ ಕೇಳಿ. ಕ್ಯೂಬಾದ ಸ್ಯಾಂಟಿಯಾಗೊ ಬಳಿಯ ಊರೊಂದರ ಹೆಸರು ಹೊತ್ತ ಪೇಯ ಅದು. 60 ಮಿ.ಲೀ. ಬಿಳಿ ರಮ್, 20 ಮಿ.ಲೀ. ನಿಂಬೆರಸ, ಎರಡು ಸಣ್ಣ ಚಮಚ ಸಕ್ಕರೆ, ಶೇಕ್ ಮಾಡಲು ಐಸು. ಮತ್ತೇನೂ ಇಲ್ಲ, ಹಾಗಾಗಿ ತಪ್ಪು ಮುಚ್ಚಿಡಲು ಜಾಗವೂ ಇಲ್ಲ. ಐಸಿನ ಜೊತೆ ಮಿಕ್ಸಿಯಲ್ಲಿ ತಿರುಗಿಸಿ ಸ್ಟ್ರಾಬೆರಿ ಸಿರಪ್ ಸುರಿದದ್ದನ್ನೂ ಇದೇ ಹೆಸರಿನಲ್ಲಿ ಕೊಡುತ್ತಾರೆ, ಶೇಕ್ ಮಾಡಿದ್ದೇ ಬೇಕು ಎಂದು ಮೊದಲೇ ಹೇಳಿಬಿಡಿ.

• ಟೇಬಲ್ ಬಿಟ್ಟು ಕೌಂಟರಿನ ಎದುರು ಕೂರಿ. ನಿಂಬೆಹಣ್ಣು ನಿಮ್ಮ ಕಣ್ಣೆದುರೇ ಕೊಯ್ದು ಹಿಂಡುತ್ತಾರೋ, ಬೆಳಿಗ್ಗೆ ಹಿಂಡಿಟ್ಟ ಬಾಟಲಿಯಿಂದ ಸುರಿಯುತ್ತಾರೋ ನೋಡಿ. ಹಿಂಡಿಟ್ಟ ರಸ ಹೊತ್ತು ಕಳೆದಂತೆ ಕಹಿಯಾಗುತ್ತದೆ. ಮೊಹಿಟೊ ಮಾಡುವಾಗ ಪುದೀನ ಎಲೆಯನ್ನು ಮೆಲ್ಲಗೆ ಒತ್ತಿದರೆ ಸಾಕು, ಪರಿಮಳ ಬಿಡುತ್ತದೆ. ಚಟ್ನಿಗೆ ಕುಟ್ಟಿದಂತೆ ಕುಟ್ಟಿದರೆ ಚೂರು ಸ್ಟ್ರಾದಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಯಿ ಕಹಿ. ರಮ್ಮನ್ನು ಅಳತೆ ಲೋಟದಲ್ಲಿ ಅಳೆಯುವವರನ್ನು ನಂಬಿ. ಬಾಟಲಿಯಿಂದ ಅಂದಾಜಿಗೆ ಹೆಚ್ಚು ಸುರಿಯುವವರು ಉದಾರಿಗಳಂತೆ ಕಾಣುತ್ತಾರೆ, ಆದರೆ ಅಂಥವರ ಕೈಯಲ್ಲಿ ಇವತ್ತಿನ ರುಚಿ ನಾಳೆ ಇರುವುದಿಲ್ಲ.

• ಐಸಿನ ಗಾತ್ರವೂ ರುಚಿಗೆ ಸೇರಿದ್ದು. ದೊಡ್ಡ ಗಟ್ಟಿ ತುಂಡು ನಿಧಾನ ಕರಗುತ್ತದೆ. ಪುಡಿ ಐಸು ಕಡಲ ದಂಡೆಯ ಸೆಕೆಗೆ ನೋಡನೋಡುತ್ತ ನೀರಾಗುತ್ತದೆ. ಮೊದಲ ಗುಟುಕು ಒಂದು, ಹತ್ತು ನಿಮಿಷ ಬಿಟ್ಟು ಇನ್ನೊಂದು. ಎರಡೂ ಸಲ ರುಚಿ ನಿಂತಿದ್ದರೆ ಆ ಬಾರಿಗೆ ಒಳ್ಳೆಯ ಅಂಕ ಕೊಡಿ.

• ಪಿನ್ಯಾ ಕೊಲಾಡದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ 1954ರಲ್ಲಿ ರಮೋನ್ ಮರೆರೊ ಎಂಬವರು ಇದನ್ನು ಕಟ್ಟಿದರು ಎಂಬುದು ಆ ಹೋಟೆಲಿನ ಹೇಳಿಕೆ. 1978ರಲ್ಲಿ ಅಲ್ಲಿನ ಸರ್ಕಾರ ಇದನ್ನು ನಾಡಿನ ಪೇಯವೆಂದು ಸಾರಿತು. ಅಲ್ಲಿ ಡಬ್ಬಿಯ ಸಿಹಿ ತೆಂಗಿನ ಕೆನೆ ಬಳಸುವುದು ರೂಢಿ, ಅದು ಅವರ ಸಂಪ್ರದಾಯ. ಮನೆಮನೆಯಲ್ಲಿ ದಿನಾ ಕಾಯಿ ತುರಿಯುವ ಗೋವಾದಲ್ಲೂ ಡಬ್ಬಿಯದೇ ಏಕೆ? ಆಗ ಹಿಂಡಿದ ಕಾಯಿಹಾಲು, ತಾಜಾ ಅನಾನಸು ಇದೆಯೇ ಎಂದು ಕೇಳಿ. ತಾಜಾ ಕಾಯಿಹಾಲಿನದಾದರೆ ಸ್ವಲ್ಪ ಹೊತ್ತಿಗೆ ಮೇಲೊಂದು ಬಿಳಿ ಪದರ ಕಟ್ಟಿ ಕೆಳಗೆ ತಿಳಿ ನಿಲ್ಲಬಹುದು. ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ, ಕಲಕಿ ಕುಡಿಯಿರಿ. ಮತ್ತೊಂದು ಮಾತು, ಸಿಹಿ ಹೆಚ್ಚಾದಷ್ಟೂ ರಮ್ಮಿನ ಖಾರ ಮರೆಯಾಗುತ್ತದೆ. ಜ್ಯೂಸಿನಂತೆ ಇಳಿಯುವ ಪೇಯದ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

• ಗೋವಾಕ್ಕೆ ಹೋಗಿ ಗೇರುಹಣ್ಣಿನ ಪೇಯದ ರುಚಿ ನೋಡದೆ ಬರಬೇಡಿ. ಕರೀಬಿಯನ್ ಪೇಯಗಳನ್ನು ಬೆಂಗಳೂರಿನಲ್ಲೂ ಕುಡಿಯಬಹುದು, ಇದನ್ನು ಇದರ ನೆಲದಲ್ಲೇ ಕುಡಿಯಬೇಕು. ಗೇರು ಮರ ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು. ಹಣ್ಣನ್ನು ತುಳಿದು ರಸ ತೆಗೆದು, ಹುಳಿ ಬರಿಸಿ, ಭಟ್ಟಿ ಇಳಿಸುತ್ತಾರೆ. ಮೊದಲ ಭಟ್ಟಿಯದು ಉರಾಕ್, ಸುಮಾರು ಶೇ. 15ರಷ್ಟು ಆಲ್ಕೋಹಾಲ್. ಮತ್ತೆ ಭಟ್ಟಿ ಇಳಿಸಿದರೆ ಶೇ. 42ರ ಆಸುಪಾಸಿನ ಫೆನಿ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.
ಉರಾಕ್ ಸಿಗುವುದು ಹಣ್ಣಿನ ಕಾಲದಲ್ಲಿ, ಅಂದರೆ ಮಾರ್ಚ್‌ನಿಂದ ಮೇ ತನಕ. ನಿಂಬೆ ಸೋಡಾ, ಚಿಟಿಕೆ ಉಪ್ಪು, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಮೆಣಸಿನ ಖಾರ ತುಟಿಗೆ ತಾಕಿದ ಮೇಲೆ ಹಣ್ಣಿನ ಒಗರು ಬರುತ್ತದೆ, ಆ ಕ್ರಮವೇ ಅದರ ಸೊಗಸು. ಡಿಸೆಂಬರಿನಲ್ಲಿ ಹೋದವರು ಫೆನಿಯನ್ನೇ ಕೇಳಿ. ಮೊದಲ ಸಲ ಅದರ ವಾಸನೆಗೆ ಮುಖ ತಿರುಗುತ್ತದೆ, ನಾಲ್ಕು ಗುಟುಕಿನ ತನಕ ತೀರ್ಪು ಕೊಡಬೇಡಿ. ದಕ್ಷಿಣ ಗೋವಾದಲ್ಲಿ ತೆಂಗಿನ ಕಳ್ಳಿನಿಂದ ಇಳಿಸಿದ ಫೆನಿಯೂ ಉಂಟು, ಅದು ಮೃದು. ಬ್ರೆಜಿಲಿನ ಕೈಪಿರಿನ್ಯಾವನ್ನು ಫೆನಿಯಲ್ಲಿ ಮಾಡಿಕೊಡುವ ಬಾರುಗಳಿವೆ. ಕೋಕಂ, ಅಂದರೆ ನಮ್ಮ ಮುರುಗಲು ಬೆರೆಸಿ ಕೊಡುವವರೂ ಇದ್ದಾರೆ. ಹೋಲಿಸಿ ನೋಡುವುದಾದರೆ ಈ ಎರಡನ್ನೇ ಊರಿಂದೂರಿಗೆ ಹೋಲಿಸಿ.

• ಲೆಕ್ಕ ಗೊತ್ತಿರಲಿ. 42.8 ಶೇಕಡಾದ 60 ಮಿ.ಲೀ. ಲಾರ್ಜಿನಲ್ಲಿ ಹೆಚ್ಚು ಕಡಿಮೆ 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಯಕೃತ್ತು ಗಂಟೆಗೆ ಅರಗಿಸುವುದು ಸುಮಾರು 7ರಿಂದ 10 ಗ್ರಾಂ. ಒಂದು ಲಾರ್ಜಿಗೆ ಎರಡು ಗಂಟೆಗೂ ಮಿಕ್ಕಿ ಬೇಕು ಎಂದಾಯಿತು. ಲಾಂಗ್ ಐಲೆಂಡ್ ಐಸ್ಡ್ ಟೀಯಲ್ಲಿ ಟೀ ಇಲ್ಲ, ಐದು ಬಗೆಯ ಮದ್ಯ 15 ಮಿ.ಲೀ.ಯಂತೆ ಒಟ್ಟು 75 ಮಿ.ಲೀ. ಇರುತ್ತದೆ. ಸಂಜೆಗೆ ಇಬ್ಬರ ನಡುವೆ ಒಂದು ಗ್ಲಾಸಿನಂತೆ ಎರಡು ಬಾರು ನೋಡಿದರೆ ಹೋಲಿಕೆಗೆ ಧಾರಾಳ ಸಾಕು. ಮೀನು-ಅನ್ನವೋ ಪಾವ್-ಭಾಜಿಯೋ ಹೊಟ್ಟೆಗೆ ಬಿದ್ದ ಮೇಲೆ ಹೊರಡಿ. ಪ್ರತಿ ಗ್ಲಾಸಿನ ಜೊತೆ ಅಷ್ಟೇ ನೀರು ಕುಡಿಯಿರಿ.

• ಹ್ಯಾಪಿ ಅವರ್‌ನಲ್ಲಿ ಒಂದಕ್ಕೊಂದು ಉಚಿತ ಎಂದು ಎರಡನ್ನೂ ಒಟ್ಟಿಗೆ ತಂದಿಡುತ್ತಾರೆ. ಎರಡನೆಯದನ್ನು ಆಮೇಲೆ ಮಾಡಿಕೊಡಿ ಎನ್ನಿ.

• ಇದು ಯಾರೂ ಹೇಳಿಕೊಡದ ಸಂಗತಿ. ಕೈಗೆ, ತುಟಿಯ ಸುತ್ತ ನಿಂಬೆರಸ ತಾಗಿದ್ದು ಹಾಗೆಯೇ ಬಿಟ್ಟು ಬಿಸಿಲಿಗೆ ಕೂತರೆ ಒಂದೆರಡು ದಿನದಲ್ಲಿ ಚರ್ಮ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ನಿಂಬೆಯಲ್ಲಿರುವ ಅಂಶ ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ ಅದು. ನಿಂಬೆ ಮುಟ್ಟಿದ ಕೂಡಲೇ ಸೋಪು ಹಾಕಿ ತೊಳೆಯಿರಿ.

• ಒಂದು ಗ್ಲಾಸು ಒಳಗೆ ಹೋದರೂ ಸಮುದ್ರಕ್ಕೆ ಇಳಿಯಕೂಡದು. ಕೆಂಪು ಬಾವುಟ ಇದ್ದರೆ ಕುಡಿಯದವರೂ ಇಳಿಯಕೂಡದು. ಮರಳಿನ ಮೇಲೆ ಬಾಟಲಿ ಹಿಡಿದು ಕೂರುವುದೂ ಬೇಡ. ದಂಡ ಬೀಳುತ್ತದೆ, ಒಡೆದ ಗಾಜು ಬರಿಗಾಲಲ್ಲಿ ಆಡುವ ಮಕ್ಕಳ ಪಾದಕ್ಕೆ ಹೋಗುತ್ತದೆ.

• ಬಾಡಿಗೆ ಸ್ಕೂಟರಿನ ಕೀಲಿ ಕುಡಿಯದವರ ಜೇಬಿನಲ್ಲಿರಲಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಅಪರಾಧ. ಖಾಲಿ ಹೊಟ್ಟೆಗೆ ಒಂದೇ ಲಾರ್ಜ್ ಬಿದ್ದರೂ ಆ ಗೆರೆ ದಾಟಿಬಿಡಬಹುದು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಅದಕ್ಕಿಂತ ಮುಖ್ಯವಾಗಿ, ಆ ಕಡೆಯ ರಸ್ತೆಗಳು ಕಿರಿದು, ತಿರುವು ಹೆಚ್ಚು, ರಾತ್ರಿ ದೀಪ ಕಡಿಮೆ.

• ಸಕ್ಕರೆ ಕಾಯಿಲೆಗೋ ನಿದ್ರೆಗೋ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

• ಲೇಬಲ್ಲಿಲ್ಲದ ಬಾಟಲಿಯದನ್ನು ಯಾರು ಎಷ್ಟು ಪ್ರೀತಿಯಿಂದ ಕೊಟ್ಟರೂ ಬೇಡ. 2024ರ ನವೆಂಬರಿನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಮಂದಿ ಪ್ರವಾಸಿಗರು ಸತ್ತರು, ಅವರಲ್ಲಿ ಇಪ್ಪತ್ತರ ಹರೆಯದವರೂ ಇದ್ದರು. ಕುಡಿದ ಮಾರನೆಯ ದಿನ ಕಣ್ಣು ಮಂಜಾದರೆ, ಹೊಟ್ಟೆ ನೋವು, ವಾಂತಿ ಬಿಡದಿದ್ದರೆ ನಶೆ ಇಳಿಯಲಿ ಎಂದು ಮಲಗಬೇಡಿ, 108ಕ್ಕೆ ಫೋನು ಮಾಡಿ. ಟೇಬಲ್ ಬಿಟ್ಟು ಎದ್ದು ಹೋದರೆ ಆ ಗ್ಲಾಸನ್ನು ಮತ್ತೆ ಮುಟ್ಟಬೇಡಿ, ದುಡ್ಡು ಹೋದರೆ ಹೋಗಲಿ.

• ವಾಪಸು ಬರುವಾಗ ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಮ್ಮ ಕರ್ನಾಟಕದ ಅಬಕಾರಿಯವರು ಬ್ಯಾಗು ಬಿಚ್ಚಿಸುತ್ತಾರೆ. ಪರ್ಮಿಟ್ ಇಲ್ಲದೆ ಗೋವಾದ ಬಾಟಲಿ ತಂದರೆ ಬಾಟಲಿಯೂ ಹೋಗುತ್ತದೆ, ಕೇಸೂ ಆಗುತ್ತದೆ. ನನಗೆಂದು ಫೆನಿ ತರಬೇಡಿ. ಕಾಣಕೋಣದ ಸಂತೆಯಲ್ಲಿ ಒಣಗಿಸಿದ ಮುರುಗಲು ಸಿಕ್ಕರೆ ಅರ್ಧ ಕಿಲೋ ತನ್ನಿ, ನಿಮ್ಮ ಅತ್ತೆ ಸಾರಿಗೆ ಹಾಕುತ್ತಾಳೆ.