ನಾನಾದೇಶಿ ಮತ್ತು ಪರದೇಶಿ: ಬಳ್ಳಿಗಾವಿಯ ವಿದ್ಯಾಕೇಂದ್ರದಲ್ಲಿ ಹೊರಗಿನವರು

ಹೊರಗಿನಿಂದ ಬಂದವರನ್ನು ಗುರುತಿಸಲು ಕನ್ನಡದಲ್ಲಿ ಎರಡು ಪದಗಳಿವೆ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ‘ನಾನಾದೇಶಿ’ ಎಂಬುದು ವರ್ತಕರು ಹೆಮ್ಮೆಯಿಂದ ಧರಿಸಿದ ಹೆಸರು. ‘ಪರದೇಶಿ’ ಎಂಬ ಪದವಾದರೋ ಅನ್ಯದೇಶೀಯ ಎಂಬ ಅರ್ಥದಿಂದ ಸರಿದು, ದಿಕ್ಕಿಲ್ಲದವನು ಎಂಬ ಅರ್ಥದಲ್ಲಿ ಬಳಕೆಗೆ ಬಂದಿದೆ. ಒಂದು ಪದದಲ್ಲಿ ಗೌರವವಿದೆ. ಇನ್ನೊಂದರಲ್ಲಿ ಕನಿಕರವಿದೆ, ಕೆಲವೊಮ್ಮೆ ತಿರಸ್ಕಾರವೂ ಇದೆ. ವಿದ್ಯಾಸಂಸ್ಥೆಯೊಂದು ಇವೆರಡರ ನಡುವೆ ಹೊರಗಿನವರನ್ನು ಹೇಗೆ ಕಂಡಿತೆಂಬುದಕ್ಕೆ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಮುಖ್ಯ ಆಕರವಾಗಿದೆ.

ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಈ ಪಟ್ಟಣದ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಯತಿಗಳ ಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಈ ಮಠವನ್ನು ದೀರ್ಘವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನವನ್ನು ಹೇಳಿದ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುರುಡರು, ಕಿವುಡರು, ಕ್ಷಪಣಕರು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯಿತ್ತು. ಅದು ಸಕಲ ಜೀವಿಗಳಿಗೂ ಅಭಯದ ಸ್ಥಾನವಾಗಿತ್ತು. ಜೈನ ಪರಂಪರೆಯು ಹೇಳುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಈ ಶೈವ ಮಠದ ವರ್ಣನೆಯಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದು ಗಮನಾರ್ಹ. ಶಾಸ್ತ್ರವನ್ನು ಕಲಿಸುವ ಹೊಣೆ ಮತ್ತು ಅಪರಿಚಿತನಿಗೆ ಅಭಯ ನೀಡುವ ಹೊಣೆ ಇಲ್ಲಿ ಬೇರೆ ಬೇರೆಯಾಗಿಲ್ಲ.

ಇದರಿಂದ ಬಳ್ಳಿಗಾವಿಯನ್ನು ವಿರೋಧವೇ ಇಲ್ಲದ ಸಾಮರಸ್ಯದ ನೆಲೆಯೆಂದು ತೀರ್ಮಾನಿಸುವುದು ಸರಿಯಾಗಲಾರದು. 1036ರ ಶಾಸನವು ಇಲ್ಲಿಯ ಪಂಚಲಿಂಗ ದೇವಾಲಯದ ಲಾಕುಳೀಶ್ವರ ಪಂಡಿತನನ್ನು ಬೌದ್ಧವೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಹೊಗಳುತ್ತದೆ. ಆದರೆ ಸುಮಾರು ಮೂರು ದಶಕಗಳ ಬಳಿಕ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯನು ಇದೇ ಊರಿನಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿದನು. 1162ರ ಕೋಡಿಯ ಮಠದ ಪಠ್ಯಗಳ ಪಟ್ಟಿಯಲ್ಲಿ ಬೌದ್ಧ ದರ್ಶನವೂ ಸೇರಿದೆ. ಎಂದರೆ ಮತವನ್ನು ಖಂಡಿಸುವ ಉತ್ಸಾಹವಿದ್ದಲ್ಲಿಯೇ ಅದನ್ನು ಓದುವ ವ್ಯವಸ್ಥೆಯೂ, ಆ ಮತದವರು ನೆಲೆಸುವ ಅವಕಾಶವೂ ಇದ್ದವು. ವಾದದಲ್ಲಿ ಎದುರಾಳಿಯಾದವನು ಊರಿಗೆ ಶತ್ರುವಾಗಬೇಕಿರಲಿಲ್ಲ. ಬಳ್ಳಿಗಾವಿಯ ನಿಜವಾದ ಮಹತ್ವ ಇರುವುದು ಈ ವಿವೇಚನೆಯಲ್ಲಿ.

ಈ ಆಕರಗಳಿಗೂ ಮಿತಿಯಿದೆ. ಶಾಸನವು ದತ್ತಿಯ ದಾಖಲೆ. ಅದು ಮಠದ ಆದರ್ಶವನ್ನು ಹೇಳುತ್ತದೆಯೇ ಹೊರತು ಅಲ್ಲಿ ಉಂಡವರ ಅನುಭವವನ್ನಲ್ಲ. ನಾನಾ ದೇಶದ ಭಿಕ್ಷುಕನು ಅಲ್ಲಿ ದಾನವನ್ನು ಪಡೆಯುವವನಾಗಿ ಮಾತ್ರ ಕಾಣುತ್ತಾನೆ. ಅವನ ಮಾತು ಕಲ್ಲಿನ ಮೇಲಿಲ್ಲ. ಅಷ್ಟಾದರೂ ಸಂಸ್ಥೆಯೊಂದು ತನ್ನ ಕೀರ್ತಿಯನ್ನು ಯಾವುದರಿಂದ ಅಳೆದುಕೊಳ್ಳಲು ಬಯಸಿತೆಂಬುದು ಇಲ್ಲಿ ಸ್ಪಷ್ಟವಾಗಿದೆ.

ಈ ಅಳತೆಗೋಲನ್ನು ವರ್ತಮಾನಕ್ಕೆ ಹಿಡಿದಾಗ ಮುಜುಗರವಾಗುತ್ತದೆ. 2012ರ ಆಗಸ್ಟ್‌ನಲ್ಲಿ ಕೇವಲ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರನ್ನು ತೊರೆದರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ಪ್ರದೇಶದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತಾಗ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಇಲ್ಲಿ ವ್ಯಕ್ತಿ ಕಣ್ಮರೆಯಾಗಿ, ಮೈಬಣ್ಣವೊಂದೇ ಅಪರಾಧದ ಗುರುತಾಯಿತು. ಬಳ್ಳಿಗಾವಿಯು ಮತವನ್ನೂ ಮನುಷ್ಯನನ್ನೂ ಬೇರ್ಪಡಿಸಿ ನೋಡಿದ್ದರೆ, ಈ ಗುಂಪು ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ನೋಡಲೂ ಸಿದ್ಧವಿರಲಿಲ್ಲ.

ಕನ್ನಡ ತರಗತಿಗಳಲ್ಲಿ ಕೋಡಿಯ ಮಠವನ್ನು ಸಾಮಾನ್ಯವಾಗಿ ನಾಡಿನ ಗತವೈಭವಕ್ಕೆ ಸಾಕ್ಷಿಯಾಗಿ ಬೋಧಿಸಲಾಗುತ್ತದೆ. ಪಠ್ಯಗಳ ಪಟ್ಟಿ ನೆನಪಿನಲ್ಲಿ ಉಳಿಯುತ್ತದೆ, ಉಣ್ಣುವವರ ಪಟ್ಟಿ ಮರೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಓದಿಸಿದಾಗ ವಿದ್ಯಾರ್ಥಿಯ ಎದುರು ಹೆಮ್ಮೆಯ ಬದಲು ಪ್ರಶ್ನೆಯೊಂದು ನಿಲ್ಲುತ್ತದೆ: ತನ್ನ ವಿದ್ಯಾಲಯಕ್ಕೆ ದೂರದಿಂದ ಬಂದವನು ಇಲ್ಲಿ ನಾನಾದೇಶಿಯೋ, ಪರದೇಶಿಯೋ? ಅಭಯವಿಲ್ಲದ ಕಡೆ ಶಾಸ್ತ್ರವೂ ಅಪೂರ್ಣವೆಂಬ ಅರಿವಿಗೆ 1162ರ ಆ ಕಲ್ಲು ಇಂದಿಗೂ ಉತ್ತಮ ಪಠ್ಯವಾಗಿದೆ.