ಗೋಣಿಸೊಪ್ಪನ್ನು ಗುರುತಿಸುವ ಕ್ರಮ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಮೊದಲಾದ ಗ್ರಾಮಗಳ ಎರೆಹೊಲಗಳಲ್ಲಿಯೂ ಬದುಗಳಲ್ಲಿಯೂ ಮಳೆ ಬಿದ್ದೊಡನೆ ತಾನಾಗಿ ಹುಟ್ಟುವ ಕಳೆಗಳಲ್ಲಿ ಗೋಣಿಸೊಪ್ಪು ಒಂದು. ಇದನ್ನು ಕೆಲವರು ಗೋಳಿಪಲ್ಯವೆಂದೂ, ತೆಲುಗು ಮಾತನಾಡುವವರು ಗಂಗವಾಯಲಿ ಕೂರವೆಂದೂ ಕರೆಯುವರು. ಇದು ಪೈರಿಗೆ ಕಳೆಯಾದರೂ ಮನೆಗೆ ಒಳ್ಳೆಯ ಪಲ್ಯವು. ಆದರೆ ಇದರ ಜೊತೆಯಲ್ಲಿಯೇ ನೆಲಕ್ಕೆ ಹರಡಿ ಬೆಳೆಯುವ ಕೆಲವು ಹಾಲುಗಿಡಗಳು ಬಾಯಿಯನ್ನೂ ಹೊಟ್ಟೆಯನ್ನೂ ಕೆಡಿಸುವುದರಿಂದ, ಸೊಪ್ಪು ಕೀಳುವವರು ಇದರ ಗುರುತನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಗುರುತುಗಳು.—

೧. ಕಾಂಡವು ನುಣುಪಾಗಿಯೂ ರಸಭರಿತವಾಗಿಯೂ ಇದ್ದು, ಬಹುಮಟ್ಟಿಗೆ ಕೆಂಪುಛಾಯೆಯುಳ್ಳದ್ದು, ರೋಮವಿರುವುದಿಲ್ಲ.

೨. ಎಲೆಯು ದಪ್ಪ, ಬುಡದಲ್ಲಿ ಕಿರಿದು, ತುದಿಯಲ್ಲಿ ದುಂಡು. ಅಂಚಿನಲ್ಲಿ ಗರಗಸದ ಹಲ್ಲುಗಳಿಲ್ಲ.

೩. ಹೂವು ಹಳದಿ, ಸಾಮಾನ್ಯವಾಗಿ ೫ ದಳಗಳುಂಟು. ಬೆಳಗಿನ ಬಿಸಿಲಿನಲ್ಲಿ ಕೆಲವು ತಾಸು ಮಾತ್ರ ಅರಳಿ ಮುಚ್ಚಿಕೊಳ್ಳುವುದು.

೪. ಬಲಿತ ಕಾಯಿಯ ಮೇಲ್ಭಾಗವು ಕರಡಿಗೆಯ ಮುಚ್ಚಳದಂತೆ ಕಳಚಿ, ಒಳಗಿನ ಸಣ್ಣ ಕರಿಯ ಬೀಜಗಳು ಉದುರುವುವು.

ಹೋಲುವ ಗಿಡಗಳು.— ಕಾಂಡವನ್ನು ಮುರಿದು ನೋಡತಕ್ಕದ್ದು. ಬಿಳಿಯ ಹಾಲು ಒಸರಿದರೆ ಆ ಗಿಡವನ್ನು ಬಿಟ್ಟುಬಿಡಬೇಕು. ಗೋಣಿಸೊಪ್ಪಿನಲ್ಲಿ ನೀರಿನಂತಹ ರಸವಲ್ಲದೆ ಹಾಲು ಇರುವುದಿಲ್ಲ. ಹಾಲಿಲ್ಲವೆಂಬ ಮಾತ್ರದಿಂದಲೇ ಗೋಣಿಸೊಪ್ಪೆಂದು ನಿಶ್ಚಯಿಸಲೂ ಆಗದು. ಎದುರುಬದುರಾಗಿ ಹುಟ್ಟಿದ ಎರಡೆಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದಾಗಿದ್ದು, ಹೂವು ಬಿಳಿ ಅಥವಾ ನಸುಗೆಂಪಾಗಿದ್ದರೆ ಅದು ಬೇರೆ ಕಳೆ. ಆದುದರಿಂದ ನಾಲ್ಕು ಗುರುತುಗಳೂ ಕೂಡಿದ ಗಿಡವನ್ನೇ ಮೊದಲು ನೋಡಿ ಕಲಿಯುವುದು ಕ್ಷೇಮ.

ಉಪಯೋಗ.— ಹೂ ಬಿಡುವ ಮೊದಲು ಎಳೆಯ ಕುಡಿಗಳನ್ನು ಚಿವುಟಿ, ಮಣ್ಣು ಹೋಗುವಂತೆ ಪದೇ ಪದೇ ತೊಳೆದು, ಬೇಳೆಯೊಡನೆ ಬೇಯಿಸಬಹುದು. ಇದರ ಹುಳಿಗೆ ಕಾರಣ ಇದರಲ್ಲಿರುವ ಆಮ್ಲಗಳು. ಅವುಗಳಲ್ಲಿ ಆಕ್ಸಾಲಿಕ್ ಆಮ್ಲವು ಹೆಚ್ಚಾಗಿರುವುದರಿಂದ ಮೂತ್ರದಲ್ಲಿ ಕಲ್ಲಿನ ಬಾಧೆಯುಳ್ಳವರು ತಿನ್ನಬಾರದು. ಹಸಿದ ದನಕುರಿಗಳಿಗೂ ಇದನ್ನೇ ರಾಶಿಯಾಗಿ ಹಾಕಬಾರದು. ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ಯಾರೂ ಕೀಳಕೂಡದು.

ಕಳೆ ತೆಗೆಯುವುದು.— ಒಂದು ದೊಡ್ಡ ಗಿಡವು ಲಕ್ಷಕ್ಕೆ ಮೀರಿ ಬೀಜ ಬಿಡಬಲ್ಲುದು. ಕಿತ್ತ ಗಿಡವನ್ನು ತೇವದ ನೆಲದ ಮೇಲೆ ಬಿಟ್ಟರೆ ಕಾಂಡದ ತುಂಡುಗಳೂ ಪುನಃ ಬೇರುಬಿಡುವುವು. ಕಾಯಿಗಳೂ ಅಲ್ಲಿಯೇ ಬಲಿಯುವುವು. ಆದಕಾರಣ ಹೂವಿಗೆ ಮುಂಚೆ ಕಿತ್ತು, ಎಳೆಯ ಕುಡಿಯನ್ನು ಮನೆಗೂ, ಉಳಿದುದನ್ನು ಹೊಲದ ಹೊರಕ್ಕೂ ಸಾಗಿಸತಕ್ಕದ್ದು. ಮುಂಗಾರಿನ ಆರಂಭದಲ್ಲಿ ಗ್ರಾಮದ ಮುಖಂಡರು ಗೋಣಿಸೊಪ್ಪನ್ನೂ ಹಾಲುಗಿಡವನ್ನೂ ಅಕ್ಕಪಕ್ಕದಲ್ಲಿಟ್ಟು, ಕಳೆ ಕೀಳುವ ಹೆಂಗಸರಿಗೂ ಮಕ್ಕಳಿಗೂ ಮುರಿದು ತೋರಿಸಿದರೆ ಮಹೋಪಕಾರವಾಗುವುದು.