ಪ್ರಕಾಶ್ ಪಡುಕೋಣೆಯವರ ಮೂರು ಪಂದ್ಯಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ 1980ರಲ್ಲಿ ದೂರದರ್ಶನ ಇನ್ನೂ ಕಾಲಿಟ್ಟಿರಲಿಲ್ಲ. ಹೊನ್ನವಳ್ಳಿಯಂತಹ ಊರಿನ ಕ್ರೀಡಾಭಿಮಾನಿಗೆ ಹೊರದೇಶದ ಆಟವೆಂದರೆ ಆಕಾಶವಾಣಿಯ ವಾರ್ತೆಯಲ್ಲಿ ಕೇಳಿಬರುವ ಎರಡು ವಾಕ್ಯ, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವ ನಾಲ್ಕು ಅಂಕಿ. ಅಷ್ಟರಿಂದಲೇ ಅವನು ಇಡೀ ಪಂದ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾಗಿತ್ತು. ಹಾಗೆ ಕಟ್ಟಿಕೊಂಡು ವರ್ಷಗಟ್ಟಲೆ ಮೆಲುಕು ಹಾಕಬಹುದಾದ ಪಂದ್ಯಗಳು ಪ್ರಕಾಶ್ ಪಡುಕೋಣೆಯವರ ಆಟದಲ್ಲಿ ಮೂರಿವೆ. ಅವುಗಳಲ್ಲಿ ಒಂದು ಸೋಲು.

ಪ್ರಕಾಶರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಮೂಲ ಕುಂದಾಪುರದ ಕಡೆಯ ಪಡುಕೋಣೆ ಗ್ರಾಮ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಮನೆಗೆ ಹತ್ತಿರವಿದ್ದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಬಾಲಕನ ಆಟದ ಅಂಕಣ. ಲಗ್ನದ ದಿನಗಳಲ್ಲಿ ಆಟಕ್ಕೆ ಬಿಡುವು! ರಾಜ್ಯಮಟ್ಟದ ಕಿರಿಯರ ಪಂದ್ಯಾವಳಿಗೆ ಮೊದಲ ಬಾರಿ ಇಳಿದಾಗ ಮೊದಲ ಸುತ್ತಿನಲ್ಲಿಯೇ ಸೋತ ಹುಡುಗ, ಹದಿನಾರರ ಪ್ರಾಯದಲ್ಲಿ ರಾಷ್ಟ್ರೀಯ ಕಿರಿಯರ ಹಾಗೂ ಹಿರಿಯರ ಪ್ರಶಸ್ತಿಗಳೆರಡನ್ನೂ ಗೆದ್ದುಕೊಂಡನು. ಹಿರಿಯರ ಪ್ರಶಸ್ತಿ ಅಲ್ಲಿಂದ ಸತತವಾಗಿ ಒಂಬತ್ತು ಬಾರಿ ಅವರದಾಯಿತು. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನದ ಪದಕವೂ ಬಂದಿತು.

ಆದರೆ ಬ್ಯಾಡ್ಮಿಂಟನ್ ಲೋಕ ಆಗ ಹಿರಿಮೆಯನ್ನು ಅಳೆಯುತ್ತಿದ್ದುದು ಆಲ್ ಇಂಗ್ಲೆಂಡ್ ಪಂದ್ಯಾವಳಿಯಿಂದ. 1947ರಲ್ಲಿ ಪ್ರಕಾಶನಾಥರು ಅದರ ಅಂತಿಮ ಪಂದ್ಯವನ್ನು ತಲುಪಿ ಸೋತಿದ್ದರು. ಭಾರತೀಯರಾರೂ ಅದನ್ನು ಗೆದ್ದಿರಲಿಲ್ಲ. 1980ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಪ್ರಕಾಶರ ಎದುರು ನಿಂತವನು ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಪ್ರಶಸ್ತಿ ಅವನದೇ. ನೆಲಬಿಟ್ಟು ಮೇಲಕ್ಕೆ ಜಿಗಿದು, ಗಾಳಿಯಲ್ಲಿಯೇ ಷಟಲನ್ನು ಬಡಿದು ಕೆಡಹುವ ಅವನ ಹೊಡೆತಕ್ಕೆ ಅಂಜದವರಿರಲಿಲ್ಲ. ಆ ವೇಗಕ್ಕೆ ವೇಗದಿಂದ ಉತ್ತರ ಕೊಡಲು ಹೋದವರು ಸೋತಿದ್ದರು. ಪ್ರಕಾಶರು ಆಟದ ಗತಿಯನ್ನೇ ತಗ್ಗಿಸಿದರು. ಬಲವಾಗಿ ಹೊಡೆಯುವಂತೆ ಕೈಯೆತ್ತಿ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ತುಸುವೇ ತಿರುಗಿಸಿ, ಷಟಲನ್ನು ಬಲೆಯ ಅಂಚಿಗೆ ಇಳಿಯಬಿಟ್ಟರು. ಜಿಗಿಯುವುದಕ್ಕೆ ಬೇಕಾದ ಎತ್ತರದ ಷಟಲು ಕಿಂಗನಿಗೆ ಸಿಗುವುದೇ ಅಪರೂಪವಾಯಿತು. ಫಲಿತಾಂಶ: 15-3, 15-10. ತೆಂಗಿನ ಸೀಮೆಯವರಿಗೆ ಈ ಬಗೆಯ ತಾಳ್ಮೆ ಹೊಸತಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಅಲ್ಲಾಡುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯುವ ಜನ ಅವರು.

ಮುಂದಿನ ಮಾರ್ಚಿನಲ್ಲಿ ಅದೇ ಅಂತಿಮ ಪಂದ್ಯ, ಅದೇ ಇಬ್ಬರು. ಮೊದಲ ಆಟವನ್ನು ಪ್ರಕಾಶರು 15-11ರಿಂದ ಗೆದ್ದರು. ಆಮೇಲೆ ಕಿಂಗ್ 15-4, 15-6ರಿಂದ ಉಳಿದೆರಡನ್ನೂ ಕಸಿದುಕೊಂಡನು. ವೆಂಬ್ಲಿಯ ಗೆಲುವು ಎದುರಾಳಿ ಎಚ್ಚರ ತಪ್ಪಿದ ಒಂದು ದಿನದ ಫಲವೇ? ಮೃದುವಾದ ಆಟದ ಗುಟ್ಟು ರಟ್ಟಾಯಿತೇ? ಅಭಿಮಾನಿಯ ಮನಸ್ಸಿಗೆ ಇಂತಹ ಸಂಶಯ ಹೊಕ್ಕರೆ ಅದನ್ನು ತಪ್ಪೆನ್ನಲಾಗದು.

ಉತ್ತರ ದೊರೆತದ್ದು ಅದೇ 1981ರಲ್ಲಿ, ಕೌಲಾಲಂಪುರದ ವಿಶ್ವಕಪ್ ಪಂದ್ಯಾವಳಿಯಲ್ಲಿ. ಅದುವರೆಗೆ ಚೀನಾದ ಆಟಗಾರರು ಅಂತರರಾಷ್ಟ್ರೀಯ ಒಕ್ಕೂಟದ ಹೊರಗಿದ್ದರು. ಅವರ ಪ್ರವೇಶವಾದುದು ಆ ವರ್ಷವೇ. ಅಂತಿಮ ಪಂದ್ಯದಲ್ಲಿ ಪ್ರಕಾಶರಿಗೆ ಎದುರಾದವನು ಚೀನಾದ ಹಾನ್ ಜಿಯಾನ್. ದಣಿವರಿಯದ ಆಟಗಾರನೆಂದು ಅವನಿಗೆ ಹೆಸರು. ಮೊದಲ ಆಟದ ಅಂಕ 15-0.

ಈ ಸೊನ್ನೆಯನ್ನು ಓದುವಾಗ ಅಂದಿನ ನಿಯಮವನ್ನು ನೆನೆಯಬೇಕು. ಸರ್ವೀಸು ಯಾರ ಕೈಯಲ್ಲಿರುವುದೋ ಅವರಿಗೆ ಮಾತ್ರ ಆಗ ಅಂಕ ಸಲ್ಲುತ್ತಿತ್ತು. ಎದುರಾಳಿ ಗೆದ್ದರೆ ಅವನಿಗೆ ದೊರೆಯುತ್ತಿದ್ದುದು ಸರ್ವೀಸು ಮಾತ್ರ. ಆದುದರಿಂದ ಸೊನ್ನೆ ಎಂದರೆ ಹಾನ್ ಜಿಯಾನ್ ಕೈಕಟ್ಟಿ ನಿಂತನೆಂದಲ್ಲ. ತನಗೆ ಸರ್ವೀಸು ಬಂದಾಗ ಅದನ್ನು ಅಂಕವಾಗಿ ಮಾರ್ಪಡಿಸಲು ಒಂದು ಸಲವೂ ಅವನಿಗೆ ಆಗಲಿಲ್ಲ. ಹಾಗೆ ಅವಮಾನಿತನಾದವನು ಎರಡನೆಯ ಆಟದಲ್ಲಿ ಕೆರಳಿ ನಿಂತನು. ಅಂಕಗಳು 13-13ರಲ್ಲಿ ಸಮನಾದವು. ಅಂತಹ ಹೊತ್ತಿನಲ್ಲಿ ಮೊದಲು ಹದಿಮೂರನ್ನು ಮುಟ್ಟಿದವನು ಬಯಸಿದರೆ ಆಟವನ್ನು ಇನ್ನೂ ಐದು ಅಂಕಗಳಿಗೆ ಬೆಳೆಸಬಹುದಾಗಿತ್ತು. ಆಟ ಬೆಳೆಯಿತು. ಈ ಹೊಸ ಐದರ ಹಾದಿಯಲ್ಲಿ ಹಾನ್ ಜಿಯಾನ್ ಮೂರನ್ನು ಗಳಿಸಿದನು. ಅದನ್ನು ಕಳೆದುಕೊಂಡಿದ್ದರೆ, ಬೆನ್ನಟ್ಟಿ ಬರುವ ತರುಣನೊಡನೆ ಮೂರನೆಯ ಆಟವನ್ನು ಆಡಬೇಕಿತ್ತು. ವೆಂಬ್ಲಿಯ ಎರಡನೆಯ ಪಂದ್ಯ ಕೈತಪ್ಪಿದ್ದೂ ಹಾಗೆಯೇ ಅಲ್ಲವೆ? ಪ್ರಕಾಶರು ಐದನ್ನೂ ಪಡೆದು 18-16ರಿಂದ ಪಂದ್ಯವನ್ನು ಮುಗಿಸಿದರು.

1983ರ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚಿನ ಪದಕ ಮುಂದೆ ಬಂದಿತು. ಬೆಂಗಳೂರಿನಲ್ಲಿ 1994ರಲ್ಲಿ ಅವರು ತೆರೆದ ತರಬೇತಿ ಶಾಲೆಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಮತ್ತೆ ಭಾರತಕ್ಕೆ ತಂದರು. ಕೀರ್ತಿಯ ಲೆಕ್ಕದಲ್ಲಿ ವೆಂಬ್ಲಿಯೇ ಮೊದಲು, ನಿಜ. ಆದರೆ ಅಂಕಿಗಳಿಂದ ಪಂದ್ಯ ಕಟ್ಟಬಲ್ಲ ಅಭಿಮಾನಿ ಆ ಹದಿನೆಂಟು-ಹದಿನಾರರ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾನೆ.